ನೋವಿಲ್ಲದ ಎಚ್ಚರ

ಮೊಣಕೈಗೂ ಮಣಿಕಟ್ಟಿಗೂ ನಡುವೆ ಇರುವ ಬಲ ಮುಂದೋಳನ್ನು ಎಡಗೈಯಿಂದ ಮೆಲ್ಲಗೆ ಹಿಡಿದುಕೊಳ್ಳಿರಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿರಿ. ಮಡಿಯುತ್ತಿರುವುದು ಬೆರಳು, ಆದರೆ ಎಡಗೈಯ ಹಿಡಿತದಲ್ಲಿ ಉಬ್ಬಿ ಇಳಿಯುತ್ತಿರುವುದು ಮುಂದೋಳು. ಈ ಚಿಕ್ಕ ಪ್ರಯೋಗದಿಂದ ಒಂದು ಸೋಜಿಗದ ಸಂಗತಿ ಗೊತ್ತಾಗುತ್ತದೆ. ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ. ಅವು ಗೇಣು ದೂರದಲ್ಲಿ, ಮುಂದೋಳಿನಲ್ಲಿ ಇವೆ.

ಸೂತ್ರದ ಬೊಂಬೆಯಾಟವನ್ನು ನೋಡಿದವರಿಗೆ ಈ ಏರ್ಪಾಡು ಹೊಸದೆನಿಸದು. ಬೊಂಬೆ ಕುಣಿಯುವುದು ರಂಗದ ಮೇಲೆ. ಅದನ್ನು ಕುಣಿಸುವ ಕೈ ಇರುವುದು ಪರದೆಯ ಆಚೆಗೆ. ನಡುವೆ ಇರುವುದು ದಾರ. ನಮ್ಮ ಕೈಯಲ್ಲಿ ಆ ದಾರದ ಸ್ಥಾನದಲ್ಲಿರುವುದೇ ಸ್ನಾಯುರಜ್ಜು. ಬಿಳುಪಾದ, ನುಣುಪಾದ, ಬಹಳ ಗಟ್ಟಿಯಾದ ಹುರಿ ಇದು. ಹೆಬ್ಬೆರಳನ್ನು ಮಡಿಸಲು ಇಂಥ ಉದ್ದದ ರಜ್ಜು ಒಂದು. ಉಳಿದ ನಾಲ್ಕು ಬೆರಳುಗಳಿಗೆ ಎರಡೆರಡು. ಇವೆರಡರಲ್ಲಿ ಮೇಲಣದು ಬೆರಳಿನ ಬುಡದಲ್ಲಿ ಕವಲೊಡೆಯುತ್ತದೆ; ಕೆಳಗಿನದು ಆ ಕವಲಿನ ನಡುವೆ ನುಸುಳಿ ಬೆರಳಿನ ತುದಿಯ ಮೂಳೆಯನ್ನು ಸೇರುತ್ತದೆ. ತೋರುಬೆರಳಿನ ನಡುಗೆಣ್ಣನ್ನು ಅಲುಗದಂತೆ ಹಿಡಿದು ತುದಿಯನ್ನು ಮಾತ್ರ ಮಡಿಸಿದರೆ ದುಡಿಯುವುದು ಈ ಕೆಳಗಿನ ರಜ್ಜು.

ಎಳೆದಾಗ ದಾರವು ಬೆರಳಿನಿಂದ ದೂರ ಸರಿಯಬಾರದು. ಬಿಲ್ಲನ್ನು ಬಗ್ಗಿಸಿದಾಗ ಹೆದೆ ಬಿಲ್ಲಿನಿಂದ ದೂರ ನಿಲ್ಲುವುದಷ್ಟೆ; ಬೆರಳಿನಲ್ಲಿ ಹಾಗಾದರೆ ಎಳೆತದ ಬಹುಭಾಗ ವ್ಯರ್ಥ. ಆದುದರಿಂದ ರಜ್ಜುಗಳನ್ನು ಮೂಳೆಗೆ ಒತ್ತಿ ಹಿಡಿಯಲು ಅಲ್ಲಲ್ಲಿ ಗಟ್ಟಿಯಾದ ಬಳೆಗಳಿವೆ. ಇವು ಗಡಗಡೆಯ ಕೆಲಸವನ್ನು ಮಾಡುತ್ತವೆ. ಬಳೆಗಳ ಒಳಗೆ ಜಾಗ ಬಹಳ ಕಿರಿದು. ಎರಡು ರಜ್ಜುಗಳು ಒಂದರ ಮೈಗೊಂದು ತಗುಲಿಕೊಂಡು ಜಾರುವಷ್ಟೇ ಎಡೆ.

ಒಡೆದ ಗಾಜು, ಈಳಿಗೆಮಣೆಯ ಅಲಗು, ಜಾರಿದ ಕುಡುಗೋಲು, ಇವುಗಳಿಂದ ಆಗುವ ಗಾಯ ಹೊರನೋಟಕ್ಕೆ ಅರ್ಧ ಅಂಗುಲದ್ದಿರಬಹುದು. ರಕ್ತವೂ ಬೇಗನೆ ನಿಲ್ಲಬಹುದು. ಆದರೆ ಒಳಗೆ ರಜ್ಜು ಕಡಿದಿದ್ದರೆ ಬೆರಳು ಮಡಿಯದೆ ನೆಟ್ಟಗೆ ನಿಂತುಬಿಡುತ್ತದೆ. ಸ್ನಾಯು ತನ್ನ ಕಡೆಯ ತುಂಡನ್ನು ಒಳಕ್ಕೆಳೆದುಕೊಳ್ಳುವುದರಿಂದ ಕಡಿದ ತುದಿಗಳು ತಾವಾಗಿ ಒಂದುಗೂಡವು. ಗಾಯ ಚಿಕ್ಕದೆಂದು ಸುಮ್ಮನಿರದೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭವಿದು.

ಕಡಿದುದನ್ನು ಹೊಲಿಯಬೇಕು. ಹೊಲಿಯುವುದೇನೋ ಸರಿ, ಹೊಲಿದ ಮೇಲೆ ಅದು ಜಾರಬೇಕು. ಗಂಟು ದಪ್ಪವಾದರೆ ಬಳೆಗೆ ಸಿಕ್ಕಿಕೊಳ್ಳುತ್ತದೆ. ಹೊಲಿಗೆ ಸಡಿಲವಾದರೆ ತುದಿಗಳ ನಡುವೆ ಬಿರುಕು ಬಿಡುತ್ತದೆ. ಕೈಯನ್ನು ವಾರಗಟ್ಟಲೆ ಅಲುಗಿಸದೆ ಇಟ್ಟರೆ ರಜ್ಜು ಸುತ್ತಲಿನ ಊತಕಗಳಿಗೆ ಅಂಟಿಕೊಂಡು ಬೆರಳು ಕಟ್ಟಿಗೆಯಂತಾಗುತ್ತದೆ. ಅವಸರದಿಂದ ಬಲವಾಗಿ ಅಲುಗಿಸಿದರೆ ಹೊಲಿಗೆಯೇ ಕಿತ್ತುಹೋಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಅಂಗೈಯಿಂದ ಬೆರಳಿನ ನಡುಭಾಗದವರೆಗಿನ ಈ ಇಕ್ಕಟ್ಟಿನ ಪ್ರದೇಶವನ್ನು ಯುದ್ಧಭೂಮಿಯ ಭಾಷೆಯಲ್ಲಿ ‘ಯಾರಿಗೂ ಸೇರದ ನೆಲ’ವೆಂದು ಕರೆದನು. ಅಲ್ಲಿ ಗಾಯವಾದ ಕೂಡಲೇ ರಜ್ಜುವನ್ನು ಹೊಲಿಯಬಾರದೆಂಬುದು ಬಹುಕಾಲದ ನಿಯಮವಾಗಿತ್ತು. ಕೂಡಲೇ ಹೊಲಿದು, ಕ್ರಮವಾಗಿ ಅಲುಗಿಸಿದರೆ ಒಳ್ಳೆಯ ಫಲ ದೊರೆಯುವುದೆಂದು ಕೆಂಟಕಿಯ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವನ ಸಂಗಡಿಗರು 1967ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಹೊಲಿಗೆಯ ಬಲವೂ ಚಲನೆಯ ನಯವೂ ಶಸ್ತ್ರವೈದ್ಯನ ಎರಡು ಮುಖ್ಯ ಚಿಂತೆಗಳಾದುವು.

ಹೊಲಿಗೆ ಮುಗಿದ ಗಳಿಗೆಯಲ್ಲಿ ಅವನ ಮನಸ್ಸಿನಲ್ಲೇಳುವ ಪ್ರಶ್ನೆ ಒಂದೇ: ಈ ಬೆರಳು ಮಡಿದೀತೆ? ಇದಕ್ಕೆ ನೇರವಾದ ಉತ್ತರ ಕೊಡಬಲ್ಲವನು ಆ ಕೈಯ ಒಡೆಯನೊಬ್ಬನೇ. ಅವನು ನಿದ್ರಿಸುತ್ತಿದ್ದರೆ ಉತ್ತರ ಕೊಡುವವರು ಯಾರು? ಕೈಯ ಶಸ್ತ್ರಚಿಕಿತ್ಸೆಗೆ ಯಾವ ಅರಿವಳಿಕೆ ತಕ್ಕುದೆಂಬ ವಿಚಾರವು ನೋವು ನಿವಾರಣೆಯಷ್ಟಕ್ಕೇ ಮುಗಿಯದೆ ಇಲ್ಲಿಯವರೆಗೆ ಬಂದು ನಿಲ್ಲುತ್ತದೆ.

ಮೂರು ಹಳೆಯ ದಾರಿಗಳು

ಮೊದಲನೆಯ ದಾರಿ ಪೂರ್ಣ ನಿದ್ರೆ. 1846ನೆಯ ಇಸವಿ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರಿನ ಪ್ರಭಾವವನ್ನು ಬಹಿರಂಗವಾಗಿ ತೋರಿಸಿದ ಮೇಲೆ ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಇಂದಿನ ಮದ್ದುಗಳು ಈಥರಿಗಿಂತ ಎಷ್ಟೋ ಮೇಲಾದುವು. ಆದರೆ ತತ್ತ್ವ ಅದೇ: ನೋವಿನ ಸುದ್ದಿಯನ್ನು ಓದಿಕೊಳ್ಳುವ ಮಿದುಳನ್ನೇ ಮಲಗಿಸುವುದು. ಇದರ ಜೊತೆಗೆ ಉಸಿರಾಟವನ್ನೂ ರಕ್ತದ ಒತ್ತಡವನ್ನೂ ಎಡೆಬಿಡದೆ ಕಾಯಬೇಕು. ರೋಗಿ ಮೊದಲೇ ಉಪವಾಸವಿರಬೇಕು. ಎದ್ದ ಮೇಲೆ ವಾಕರಿಕೆಯೂ ಬರಬಹುದು.

ಎರಡನೆಯದು, ಸುದ್ದಿ ಸಾಗುವ ತಂತಿಯನ್ನು ನಡುದಾರಿಯಲ್ಲಿ ತಡೆಯುವುದು. ಕೊಕೇನ್ ದ್ರಾವಣವನ್ನು ಕಣ್ಣಿಗೆ ತೊಟ್ಟಿಕ್ಕಿಸಿದರೆ ಅದು ಸಂವೇದನೆಯನ್ನು ಕಳೆದುಕೊಳ್ಳುವುದೆಂದು ವಿಯೆನ್ನಾದ ಕಾರ್ಲ್ ಕಾಲರ್ 1884ರಲ್ಲಿ ಕಂಡುಹಿಡಿದನು. ಸ್ವಲ್ಪ ಕಾಲದಲ್ಲಿಯೇ ನ್ಯೂಯಾರ್ಕಿನ ವಿಲಿಯಂ ಹಾಲ್ಸ್ಟೆಡ್ ಅದನ್ನು ನರಗಳ ಬಳಿಗೆ ಚುಚ್ಚಿ ಪ್ರಯೋಗಗಳನ್ನು ನಡೆಸಿದನು. ತನ್ನ ಮೇಲೆಯೇ ಪ್ರಯೋಗಿಸಿಕೊಂಡು ಆ ಮದ್ದಿನ ಚಟಕ್ಕೂ ಬಲಿಯಾದನು. ತೋಳಿಗೆ ಹೋಗುವ ನರಗಳೆಲ್ಲ ಕತ್ತಿನ ಐದು ಬೇರುಗಳಿಂದ ಹೊರಟು, ಹೆಣೆದುಕೊಂಡು, ಕೊರಳೆಲುಬಿನ ಹಿಂದುಗಡೆಯಿಂದ ಕಂಕುಳಿಗೆ ಇಳಿಯುತ್ತವೆ. ಕೊರಳೆಲುಬಿನ ಮೇಲ್ಗಡೆ ಸೂಜಿಯಿಟ್ಟು ಈ ನರಜಾಲವನ್ನು ಮರವಡಿಸುವ ವಿಧಾನವನ್ನು ಜರ್ಮನಿಯ ಕುಲೆನ್‌ಕಾಂಫ್ 1911ರಲ್ಲಿ ಪ್ರಕಟಿಸಿದನು. ಅವನೂ ಅದನ್ನು ಮೊದಲು ತನ್ನ ತೋಳಿನ ಮೇಲೆಯೇ ಪರೀಕ್ಷಿಸಿದ್ದನು.

ಆ ಕಾಲದಲ್ಲಿ ಸೂಜಿಯ ದಾರಿ ಊಹೆಯದಾಗಿತ್ತು. ಪಕ್ಕದಲ್ಲಿಯೇ ಶ್ವಾಸಕೋಶ ಇರುವುದರಿಂದ ಅಪಾಯವೂ ಇತ್ತು. ಇಂದು ಶ್ರವಣಾತೀತ ಧ್ವನಿಯ ನೆರವಿದೆ. ಸೆಕೆಂಡಿಗೆ ಒಂದು ಕೋಟಿ ಕಂಪನಗಳ ಧ್ವನಿಯು ದೇಹದೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಿಂದ ಚಲಿಸುತ್ತದೆ. ಅದರ ತರಂಗದ ಉದ್ದ ಸುಮಾರು 0.15 ಮಿಲಿಮೀಟರ್, ಆದುದರಿಂದ ಸಣ್ಣ ನರವೂ ಅದಕ್ಕೆ ಮರೆಯಾಗದು. 2 ಸೆಂಟಿಮೀಟರ್ ಆಳದಲ್ಲಿರುವ ನರಕ್ಕೆ ತಾಗಿ ಹಿಂದಿರುಗಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 26 ಭಾಗ ಮಾತ್ರ. ಈ ಪ್ರತಿಧ್ವನಿಗಳಿಂದ ಮೂಡುವ ಚಿತ್ರದಲ್ಲಿ ನರವನ್ನೂ ಸೂಜಿಯನ್ನೂ ನೋಡುತ್ತಲೇ ವೈದ್ಯನು ಮದ್ದನ್ನು ಬಿಡುತ್ತಾನೆ. ರೋಗಿ ಎಚ್ಚರವಾಗಿರುತ್ತಾನೆ, ತೋಳಿಗೆ ಮಾತ್ರ ಗಂಟೆಗಟ್ಟಲೆ ಅರಿವಿರದು. ಆದರೆ ತೋಳಿನ ಸ್ಪರ್ಶದ ತಂತಿಗಳೂ ಚಲನೆಯ ತಂತಿಗಳೂ ಇದೇ ಕಟ್ಟಿನಲ್ಲಿ ಕೂಡಿ ಸಾಗುವುದರಿಂದ ನೋವಿನೊಡನೆ ಚಲನೆಯೂ ನಿಲ್ಲುತ್ತದೆ.

ಮೂರನೆಯ ದಾರಿಯನ್ನು ಬರ್ಲಿನ್ನಿನ ಆಗಸ್ಟ್ ಬಿಯರ್ 1908ರಲ್ಲಿ ತೋರಿಸಿದನು. ರಬ್ಬರಿನ ಪಟ್ಟಿ ಸುತ್ತಿ ತೋಳಿನ ರಕ್ತವನ್ನು ಹಿಂದಕ್ಕೆ ಹಿಂಡಿ, ಮೇಲ್ಗಡೆ ಬಿಗಿಯಾಗಿ ಕಟ್ಟಿ, ಬರಿದಾದ ರಕ್ತನಾಳಕ್ಕೆ ಮದ್ದನ್ನು ತುಂಬುವುದು ಅವನ ಉಪಾಯ. ಮದ್ದು ನಾಳಗಳಿಂದ ಹರಡಿ ನರಗಳನ್ನು ಸೇರುತ್ತದೆ. ಸರಳವಾದ, ನಂಬತಕ್ಕ ವಿಧಾನವಿದು. ಆದರೆ ಕಟ್ಟು ಅಕಾಲದಲ್ಲಿ ಸಡಿಲವಾದರೆ ಮದ್ದೆಲ್ಲ ಒಮ್ಮೆಗೇ ಹೃದಯವನ್ನೂ ಮಿದುಳನ್ನೂ ಮುಟ್ಟುವ ಭಯವುಂಟು. ಸುಮಾರು ಒಂದು ಗಂಟೆ ಕಳೆಯುವುದರೊಳಗೆ ಕಟ್ಟಿನ ನೋವೇ ರೋಗಿಗೆ ತಡೆಯಲಾರದಂತಾಗುವುದೂ ಉಂಟು.

ಪಟ್ಟಿಗಾಗಿ ಅರಿವಳಿಕೆ

ಈ ಕಟ್ಟನ್ನು ಕುರಿತು ಒಂದು ಮಾತು ಹೇಳಬೇಕು. ರಕ್ತ ತುಂಬಿದ ಗಾಯದಲ್ಲಿ ರಜ್ಜುವಿನ ತುದಿಯನ್ನು ಹುಡುಕುವುದು ಕೆಸರಿನಲ್ಲಿ ಬಿದ್ದ ಸೂಜಿಯನ್ನು ಹುಡುಕಿದಂತೆ. ಅದಕ್ಕಾಗಿ ಕೈಯ ಶಸ್ತ್ರಚಿಕಿತ್ಸೆಗಳಲ್ಲಿ ತೋಳಿಗೆ ಗಾಳಿ ತುಂಬುವ ಬಿಗಿಪಟ್ಟಿಯನ್ನು ಕಟ್ಟಿ ರಕ್ತದ ಹರಿವನ್ನು ನಿಲ್ಲಿಸುವುದು ರೂಢಿ. ಹಾರ್ವಿ ಕುಷಿಂಗ್ 1904ರಲ್ಲಿ ಬಳಕೆಗೆ ತಂದ ಸಾಧನವಿದು. ಅದರಲ್ಲಿನ ಒತ್ತಡ ಸಾಮಾನ್ಯವಾಗಿ ಪಾದರಸದ 250 ಮಿಲಿಮೀಟರ್ ಕಂಬದಷ್ಟು. ನೀರಿನ ಲೆಕ್ಕದಲ್ಲಿ ಸುಮಾರು 3.4 ಮೀಟರ್ ಎತ್ತರದ ಕಂಬ. ಆರೋಗ್ಯವಂತನ ರಕ್ತದ ಗರಿಷ್ಠ ಒತ್ತಡಕ್ಕೆ ಇದು ಇಮ್ಮಡಿ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಪಟ್ಟಿಯ ಕೆಳಗೆ ಮಂದವಾದ, ಬಳಿಕ ಸಹಿಸಲಸಾಧ್ಯವಾದ ನೋವು ಹುಟ್ಟುತ್ತದೆ.

ರಜ್ಜುವಿನ ಹೊಲಿಗೆಗೆ ಅಷ್ಟು ಹೊತ್ತು ಸಾಲದು. ಈಗ ಪರಿಸ್ಥಿತಿಯನ್ನು ಯೋಚಿಸಿ ನೋಡಿರಿ. ಗಾಯವಿರುವುದು ಬೆರಳಿನಲ್ಲಿ; ಅಲ್ಲಿಗಷ್ಟೇ ಮದ್ದು ಚುಚ್ಚಿದರೆ ಅಲ್ಲಿನ ನೋವು ಹೋದೀತು. ಆದರೆ ತೋಳಿನ ಪಟ್ಟಿಯ ನೋವು ಉಳಿಯುತ್ತದೆ. ಅದನ್ನು ತಡೆಯಲು ಇಡೀ ತೋಳನ್ನು ಇಲ್ಲವೆ ಇಡೀ ಮನುಷ್ಯನನ್ನು ಮರವಡಿಸಬೇಕು. ಎಂದರೆ, ದೊಡ್ಡ ಅರಿವಳಿಕೆ ಬೇಕಾದುದು ಬಹುಮಟ್ಟಿಗೆ ಗಾಯಕ್ಕಲ್ಲ, ಪಟ್ಟಿಗೆ! ಪಟ್ಟಿಯಿಲ್ಲದೆ ರಕ್ತವನ್ನು ತಡೆಯುವುದಾದರೆ ಲೆಕ್ಕವೇ ಬದಲಾಗುತ್ತದೆ.

ಅದಕ್ಕೊಂದು ಮದ್ದು ಇದ್ದೇ ಇತ್ತು. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ತಾಕಮಿನೆ 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಅಡ್ರಿನಲಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅರಿವಳಿಕೆಯ ಮದ್ದಿನೊಡನೆ ಅದನ್ನು ಬೆರೆಸಿದರೆ ರಕ್ತವೂ ಕಡಿಮೆಯಾಗುವುದು, ಮದ್ದೂ ಬೇಗನೆ ಕೊಚ್ಚಿಹೋಗದು ಎಂದು ಜರ್ಮನಿಯ ಹೈನ್ರಿಖ್ ಬ್ರೌನ್ ಸ್ವಲ್ಪ ಕಾಲದಲ್ಲಿಯೇ ತೋರಿಸಿದ್ದನು. ಹಾಗಿದ್ದೂ ಬೆರಳಿಗೆ ಅದನ್ನು ಚುಚ್ಚುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಬೆರಳಿನ ನಾಳಗಳು ಕುಗ್ಗಿದರೆ ಬೆರಳೇ ಸತ್ತುಹೋಗುವುದೆಂದು ಪಠ್ಯಪುಸ್ತಕಗಳು ಎಚ್ಚರಿಸುತ್ತಿದ್ದುವು. ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿ ಪರೀಕ್ಷೆಗಳಲ್ಲಿ ಬರೆದರು.

ಕಾಗೆಯೂ ತಾಳೆಯ ಹಣ್ಣೂ

ಈ ನಿಯಮಕ್ಕೆ ಆಧಾರವೇನು? ಕ್ಯಾಲಿಫೋರ್ನಿಯದ ಶಸ್ತ್ರವೈದ್ಯ ಕೀತ್ ಡೆಂಕ್ಲರ್ 1880ರಿಂದ 2000ದವರೆಗಿನ ವೈದ್ಯ ಸಾಹಿತ್ಯವನ್ನು ಜಾಲಾಡಿ 2001ರಲ್ಲಿ ಉತ್ತರವನ್ನು ಪ್ರಕಟಿಸಿದನು. ಅರಿವಳಿಕೆಯ ಚುಚ್ಚುಮದ್ದಿನ ಬಳಿಕ ಬೆರಳು ಸತ್ತ ಪ್ರಸಂಗಗಳು ಅವನಿಗೆ 48 ಸಿಕ್ಕಿದುವು. ಅವುಗಳಲ್ಲಿ ಅಡ್ರಿನಲಿನ್ ಬಳಸಿದ್ದುದು 21ರಲ್ಲಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಬೆರಳುಗಳು ಅಡ್ರಿನಲಿನ್ ಇಲ್ಲದೆಯೇ ಸತ್ತಿದ್ದುವು! ಹೆಚ್ಚಿನವು ಕೊಕೇನ್ ಮತ್ತು ಪ್ರೊಕೇನ್ ಮದ್ದುಗಳ ಹಳೆಯ ಕಾಲದವು. 1905ರ ಸುಮಾರಿಗೆ ಬಳಕೆಗೆ ಬಂದ ಪ್ರೊಕೇನ್ ದ್ರಾವಣವು ಆಮ್ಲಗುಣದ್ದು. ಇಟ್ಟಷ್ಟು ಕಾಲ ಆಮ್ಲತೆ ಏರುವುದು ಅದರ ಸ್ವಭಾವ. ಕೆಲವೆಡೆ ಬೆರಳಿನ ಬುಡಕ್ಕೆ ಕಟ್ಟಿದ್ದ ಪಟ್ಟಿ, ಕೆಲವೆಡೆ ಮರವಟ್ಟ ಬೆರಳನ್ನು ಅದ್ದಿದ ಬಿಸಿನೀರು, ಕೆಲವೆಡೆ ನಂಜು, ಹೀಗೆ ಬೇರೆ ಆರೋಪಿಗಳೂ ಇದ್ದುವು. 1948ರಲ್ಲಿ ಮಾರುಕಟ್ಟೆಗೆ ಬಂದು ಪ್ರೊಕೇನಿನ ಸ್ಥಾನವನ್ನು ಹಿಡಿದ ಲಿಗ್ನೊಕೇನನ್ನು ಅಡ್ರಿನಲಿನ್ ಜೊತೆಗೆ ಬಳಸಿ ಬೆರಳು ಕಳೆದುಕೊಂಡ ಒಂದು ಪ್ರಸಂಗವೂ ಅವನಿಗೆ ದೊರೆಯಲಿಲ್ಲ.

ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನುವ ಕಾಕತಾಳೀಯ ನ್ಯಾಯವನ್ನು ನಾವೆಲ್ಲ ಬಲ್ಲೆವು. ಇಲ್ಲಿ ನಡೆದದ್ದು ಅದಕ್ಕೆ ತೀರ ದೂರವಲ್ಲ. ಅಡ್ರಿನಲಿನ್ ನಾಳವನ್ನು ಕುಗ್ಗಿಸುವುದು ನಿಜವಾದುದರಿಂದ ಅದರ ಮೇಲೆ ಹೊರಿಸಿದ ತಪ್ಪು ನಂಬತಕ್ಕದ್ದಾಗಿ ಕಂಡಿತು. ಕಂಡಿತೆಂದು ಯಾರೂ ಅದನ್ನು ಅಳೆದು ನೋಡಲಿಲ್ಲ.

ಅಳೆದು ನೋಡಿದವರಲ್ಲಿ ಮುಖ್ಯನಾದವನು ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಡೊನಾಲ್ಡ್ ಲಲೋಂಡ್. ಅವನೂ ಅವನ ಸಹೋದ್ಯೋಗಿಗಳೂ, ಒಟ್ಟು ಒಂಬತ್ತು ಮಂದಿ ಶಸ್ತ್ರವೈದ್ಯರು ಆರು ಊರುಗಳಲ್ಲಿ, ಬೆರಳಿಗೂ ಕೈಗೂ ತೆಳುವಾದ ಅಡ್ರಿನಲಿನ್ ಚುಚ್ಚಿದ 3110 ಪ್ರಸಂಗಗಳನ್ನು ಎಡೆಬಿಡದೆ ದಾಖಲಿಸಿ 2005ರಲ್ಲಿ ಪ್ರಕಟಿಸಿದರು. ಒಂದು ಬೆರಳೂ ಸಾಯಲಿಲ್ಲ. ಕುಗ್ಗಿದ ನಾಳವನ್ನು ಮತ್ತೆ ಹಿಗ್ಗಿಸುವ ಫೆಂಟೊಲಮಿನ್ ಎಂಬ ಪ್ರತಿಮದ್ದನ್ನು ಒಮ್ಮೆಯೂ ಬಳಸಬೇಕಾಗಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿ ನಿಂತಿದ್ದ ಗೋಡೆ ಎಣಿಕೆಯ ಮುಂದೆ ಕುಸಿಯಿತು.

ನರದ ಬಾಗಿಲುಗಳು

ಹೊಸ ವಿಧಾನದ ಸಾಮಗ್ರಿ ಸರಳ: ನೂರಕ್ಕೆ ಒಂದು ಭಾಗದ ಲಿಗ್ನೊಕೇನ್, ಅದರಲ್ಲಿ ಲಕ್ಷಕ್ಕೆ ಒಂದು ಭಾಗ ಅಡ್ರಿನಲಿನ್. ನರದ ಸುದ್ದಿ ಸಾಗುವುದು ಅದರ ಪೊರೆಯಲ್ಲಿರುವ ಸೂಕ್ಷ್ಮ ಬಾಗಿಲುಗಳು ಸಾಲಾಗಿ ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುವುದರಿಂದ. ಲಿಗ್ನೊಕೇನ್ ಈ ಬಾಗಿಲುಗಳಿಗೆ ಒಳಗಿನಿಂದ ಅಗುಳಿ ಹಾಕುತ್ತದೆ. ಒಳಕ್ಕೆ ಹೋಗಬೇಕಾದರೆ ಅದು ಕೊಬ್ಬಿನ ಪೊರೆಯನ್ನು ದಾಟಬೇಕು. ವಿದ್ಯುದಂಶವಿಲ್ಲದ ಅಣುಗಳು ಮಾತ್ರ ಅದನ್ನು ದಾಟಬಲ್ಲವು. ಸೀಸೆಯಲ್ಲಿರುವ ಆಮ್ಲಗುಣದ ದ್ರಾವಣದಲ್ಲಿ ಅಂಥ ಅಣುಗಳು ಕೆಲವು ಸಾವಿರಕ್ಕೆ ಒಂದು. ದೇಹದ ಸಹಜ ಸ್ಥಿತಿಯಲ್ಲಿಯಾದರೋ ಸುಮಾರು ಕಾಲು ಭಾಗ. ಆದುದರಿಂದ ಚುಚ್ಚುವ ಮುನ್ನ ಹತ್ತು ಭಾಗಕ್ಕೆ ಒಂದು ಭಾಗ ಸೋಡಿಯಂ ಬೈಕಾರ್ಬೊನೇಟ್ ದ್ರಾವಣವನ್ನು, ಎಂದರೆ ಅಡುಗೆ ಸೋಡಾದ ವೈದ್ಯರೂಪವನ್ನು, ಬೆರೆಸುತ್ತಾರೆ. ಆಮ್ಲದ ಉರಿ ತಗ್ಗುತ್ತದೆ.

ಮಿತಿಯನ್ನು ಮರೆಯುವಂತಿಲ್ಲ. ಅಡ್ರಿನಲಿನ್ ಬೆರೆತ ಲಿಗ್ನೊಕೇನಿನ ಅಂಗೀಕೃತ ಗರಿಷ್ಠ ಪ್ರಮಾಣ ದೇಹತೂಕದ ಕಿಲೋಗ್ರಾಮಿಗೆ 7 ಮಿಲಿಗ್ರಾಂ. 60 ಕಿಲೋಗ್ರಾಂ ತೂಕದವನಿಗೆ 420 ಮಿಲಿಗ್ರಾಂ, ಎಂದರೆ ಈ ದ್ರಾವಣದ 42 ಮಿಲಿಲೀಟರ್. ಒಂದು ಬೆರಳಿಗೂ ಅಂಗೈಗೂ ಇದರೊಳಗೇ ಸಾಕು.

ಚುಚ್ಚಿದ ಮೇಲೆ ಕಾಯಬೇಕು. ಏಳು ನಿಮಿಷ ಸಾಕೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುವು. ಚರ್ಮದ ಕೆಳಗಿನ ರಕ್ತವರ್ಣಕ ಎಷ್ಟು ಬೆಳಕನ್ನು ಹೀರುವುದೆಂಬುದನ್ನು ಅಳೆದು ನೋಡಿದಾಗ ರಕ್ತ ಅತ್ಯಂತ ಕಡಿಮೆಯಾಗುವುದು ಸುಮಾರು 26 ನಿಮಿಷಗಳ ಬಳಿಕ ಎಂದು 2013ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಬೆಳಕಿನ ಅಳತೆಯೊಂದು ಶಸ್ತ್ರವೈದ್ಯನಿಗೆ ತಾಳ್ಮೆಯನ್ನು ಕಲಿಸಿದ ಪ್ರಸಂಗವಿದು.

ಮೇಜಿನ ಮೇಲೆ ಪರೀಕ್ಷೆ

ಈಗ ನಮ್ಮ ಮೊದಲ ಪ್ರಯೋಗವನ್ನು ನೆನಪಿಗೆ ತಂದುಕೊಳ್ಳಿರಿ. ಮದ್ದು ಚುಚ್ಚಿದುದು ಅಂಗೈಗೂ ಬೆರಳಿಗೂ. ಬೆರಳಿನಲ್ಲಿರುವ ನರಗಳು ಸಂವೇದನೆಯವು. ಬೆರಳನ್ನು ಮಡಿಸುವ ಸ್ನಾಯುಗಳೂ ಅವಕ್ಕೆ ಅಪ್ಪಣೆ ಕೊಡುವ ನರಗಳೂ ಮೇಲೆ, ಮುಂದೋಳಿನಲ್ಲಿ, ಮದ್ದು ಮುಟ್ಟದ ದೂರದಲ್ಲಿವೆ. ಬೊಂಬೆಗೆ ನೋವಿಲ್ಲ, ಸೂತ್ರಧಾರ ಎಚ್ಚರವಾಗಿದ್ದಾನೆ.

ಹೊಲಿಗೆ ಮುಗಿದೊಡನೆ, ಚರ್ಮವನ್ನು ಮುಚ್ಚುವ ಮೊದಲು, ವೈದ್ಯನು ರೋಗಿಗೆ ಹೇಳುತ್ತಾನೆ: “ಬೆರಳನ್ನು ಮಡಿಸಿ ನೋಡಿ.” ರೋಗಿ ಮಡಿಸುತ್ತಾನೆ. ತೆರೆದ ಗಾಯದೊಳಗೆ ರಜ್ಜು ಜಾರುವುದು ವೈದ್ಯನ ಕಣ್ಣಿಗೆ ಕಾಣುತ್ತದೆ. ಗಂಟು ಬಳೆಗೆ ಸಿಕ್ಕಿಕೊಂಡರೆ ಬಳೆಯನ್ನು ಬೇಕಾದಷ್ಟೇ ಬಿಡಿಸಬಹುದು. ಬಿರುಕು ಕಂಡರೆ ಅಲ್ಲಿಯೇ ಮತ್ತೆ ಹೊಲಿಯಬಹುದು. ನಿದ್ರಿಸುವ ಕೈಯನ್ನು ವೈದ್ಯನೇ ಮಡಿಸಿ ನೋಡಿದರೆ ಈ ಬಿರುಕು ಕಾಣದೆ ಹೋಗಬಹುದು. ಅದು ಬಾಯಿ ತೆರೆಯುವುದು ಸ್ನಾಯು ತಾನಾಗಿ ಎಳೆದಾಗ. ಹೀಗೆ ಎಚ್ಚರದಲ್ಲಿ ಚಿಕಿತ್ಸೆ ಪಡೆದ 102 ರೋಗಿಗಳ ವೃತ್ತಾಂತ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಮಂದಿಯಲ್ಲಿ ದೋಷವು ಮೇಜಿನ ಮೇಲೆಯೇ ಬಯಲಾಗಿ, ಅಲ್ಲಿಯೇ ಸರಿಹೋಯಿತು. ಬಯಲಾಗದೆ ಹೋಗಿದ್ದರೆ ಅವರಲ್ಲಿ ಕೆಲವರಾದರೂ ಎರಡನೆಯ ಶಸ್ತ್ರಚಿಕಿತ್ಸೆಗೆ ಬರಬೇಕಾಗುತ್ತಿತ್ತು.

ರಜ್ಜುವಿನ ಮೇಲೆ ಎಷ್ಟು ಬಲ ಬೀಳುತ್ತದೆಂಬುದೂ ಎಚ್ಚರವಿದ್ದ ರೋಗಿಗಳಿಂದಲೇ ತಿಳಿದುಬಂದಿತು. ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಜ್ಜುಗಳಿಗೆ ಮಾಪಕವನ್ನು ತೊಡಿಸಿ ಅಳೆದ ಲೆಕ್ಕಗಳು 1992ರಲ್ಲಿ ಪ್ರಕಟವಾದುವು. ಅಡ್ಡಿಯಿಲ್ಲದೆ ಬೆರಳನ್ನು ಮಡಿಸಿದಾಗ ಎಳೆತ ಸುಮಾರು ಮೂರೂವರೆ ಕಿಲೋಗ್ರಾಂ ತೂಕದವರೆಗೆ. ಬೆರಳ ತುದಿಯಿಂದ ಬಲವಾಗಿ ಚಿವುಟಿದಾಗ 12 ಕಿಲೋಗ್ರಾಂ ತೂಕದವರೆಗೆ. ಹೊಲಿದ ಬೆರಳನ್ನು ಮೆಲ್ಲಗೆ ಅಲುಗಿಸಬಹುದು, ಆದರೆ ಅದರಿಂದ ಬಿಂದಿಗೆ ಎತ್ತಬಾರದು ಎಂಬ ವೈದ್ಯನ ಕಟ್ಟಳೆಗೆ ಕಾರಣ ಈ ಅಂತರದಲ್ಲಿದೆ. ಆ ಕಟ್ಟಳೆಯನ್ನು ಕೇಳಿಸಿಕೊಳ್ಳಲು ರೋಗಿಯೂ ಎಚ್ಚರವಾಗಿರುತ್ತಾನೆ. ತನ್ನ ಬೆರಳು ಪೂರ್ತಿ ಮಡಿದುದನ್ನು ಕಣ್ಣಾರೆ ಕಂಡವನಿಗೆ ಮುಂದಿನ ವಾರಗಳ ಬೇಸರದ ವ್ಯಾಯಾಮದಲ್ಲಿ ಭರವಸೆಯೂ ಹೆಚ್ಚು.

ಎಲ್ಲರಿಗೂ ಒಂದೇ ಅಲ್ಲ

ಇಷ್ಟರಿಂದ ಪೂರ್ಣ ನಿದ್ರೆಯ ಕಾಲ ಮುಗಿಯಿತೆಂದು ತಿಳಿಯಬಾರದು. ಎಳೆಯ ಮಗುವಿಗೆ ಎಚ್ಚರದ ಶಸ್ತ್ರಚಿಕಿತ್ಸೆ ಹೇಳಿದ್ದಲ್ಲ. ಯಂತ್ರಕ್ಕೆ ಸಿಕ್ಕಿ ಹಲವು ಬೆರಳುಗಳು, ಮೂಳೆಗಳು ನುಜ್ಜಾದಾಗ, ಇಲ್ಲವೆ ದೇಹದ ಬೇರೆಡೆಯೂ ಪೆಟ್ಟಾದಾಗ ದೀರ್ಘಕಾಲದ ಅರಿವಳಿಕೆ ಬೇಕು. ಬೆರಳಿನ ರಕ್ತಸಂಚಾರವೇ ಕ್ಷೀಣವಾದವರಿಗೆ ಅಡ್ರಿನಲಿನ್ ಇಂದಿಗೂ ತಕ್ಕುದಲ್ಲ; ಅದನ್ನು ಬಳಸುವೆಡೆಯಲ್ಲಿ ಪ್ರತಿಮದ್ದು ಕೈಗೆಟಕುವಂತಿರಬೇಕು. ಶಸ್ತ್ರವನ್ನು ನೆನೆದರೇ ನಡುಗುವವನನ್ನು ಎಚ್ಚರವಾಗಿ ಮಲಗಿಸುವುದು ದಯೆಯಲ್ಲ. ಅಂಥವರಿಗೆ ನರಜಾಲದ ಅರಿವಳಿಕೆಯೋ ನಿದ್ರೆಯೋ ಲೇಸು. ಮಧುಮೇಹ, ಹೃದ್ರೋಗಗಳಿರುವ ವೃದ್ಧನಿಗಾದರೋ ನಿದ್ರೆಯ ಹೊರೆಯಿಲ್ಲದ ಹೊಸ ವಿಧಾನ ಹಿತವಾದೀತು. ಆಯ್ಕೆ ಮಾಡುವುದು ಶಸ್ತ್ರವೈದ್ಯ, ಅರಿವಳಿಕೆಯ ವೈದ್ಯ ಮತ್ತು ರೋಗಿ, ಈ ಮೂವರೂ ಕೂಡಿ.

ಈ ವಿಧಾನ ಇಂದು ಭಾರತದಲ್ಲಿಯೂ ಬಳಕೆಯಲ್ಲಿದೆ. ಉಪವಾಸವಿಲ್ಲ, ದೊಡ್ಡ ಯಂತ್ರಗಳ ಹಂಗಿಲ್ಲ, ಹಲವು ವೇಳೆ ಅದೇ ದಿನ ಮನೆಗೆ ಹೋಗಬಹುದು. ಕೂಲಿಯೇ ಜೀವನವಾದವನಿಗೆ ಉಳಿದ ಒಂದು ದಿನವೂ ಲಾಭ, ಮಡಿಯುವ ಬೆರಳೇ ಜೀವನ.

ನೋವನ್ನು ಗೆಲ್ಲಲು ಮನುಷ್ಯನು ಮೊದಲು ಇಡೀ ದೇಹವನ್ನು ಮಲಗಿಸಿದನು, ಬಳಿಕ ತೋಳೊಂದನ್ನು, ಈಗ ಗಾಯದ ಸುತ್ತಲಿನ ಅಂಗೈಯಗಲವನ್ನು ಮಾತ್ರ. ಅಷ್ಟು ಕಡಿಮೆ ಸಾಕೆಂಬುದು ತಿಳಿಯಲು ತಡವಾದುದು ಮದ್ದಿಲ್ಲದೆ ಅಲ್ಲ, ಮದ್ದಿನ ಮೇಲಿದ್ದ ನಿಷೇಧವನ್ನು ಯಾರೂ ಪ್ರಶ್ನಿಸದೆ. ಪುಸ್ತಕದಲ್ಲಿ ಅಚ್ಚಾದ ನಿಯಮವೊಂದನ್ನು ಕಂಡಾಗ ‘ಇದನ್ನು ಅಳೆದು ನೋಡಿದವರು ಯಾರು?’ ಎಂದು ಕೇಳುವ ವಿದ್ಯಾರ್ಥಿ ಉದ್ಧಟನಲ್ಲ. ಇಂದು ಎಷ್ಟೋ ಕೈಗಳು ಮತ್ತೆ ಮುಷ್ಟಿ ಕಟ್ಟುತ್ತಿರುವುದರಲ್ಲಿ ಆ ಪ್ರಶ್ನೆಗೂ ಪಾಲಿದೆ.